ಬದುಕಿರುವವಳಿಗೆ ಬಂದ ಪುಷ್ಪಚಕ್ರ

ಮೆಂಫಿಸ್,
ಡಿಸೆಂಬರ್ ೨೩, ಮಂಗಳವಾರ

ಪ್ರೀತಿಯ ಅಕ್ಕ ಆಲ್ತೀಯಾಗೆ,

ನಿನ್ನ ತಂಗಿ ಲುವೀನಿಯಾ ಮೈಯಲ್ಲಿ ಉಸಿರು, ಮೂಗಿನ ಮೇಲೆ ಕನ್ನಡಕ ಎರಡನ್ನೂ ಇಟ್ಟುಕೊಂಡು ಬರೆಯುತ್ತಿರುವ ಕಾಗದ ಇದು. ನಾನು ಸತ್ತಿಲ್ಲ. ಸಾಯುವ ಯೋಚನೆಯೂ ಸದ್ಯಕ್ಕಿಲ್ಲ. ಈಸ್ಟರ್ ಹಬ್ಬಕ್ಕೆ ರಾಶಿ ಟೋಪಿ ಮಾಡಿಕೊಡುತ್ತೇನೆಂದು ಒಪ್ಪಿಕೊಂಡು ಕೂತಿದ್ದೇನೆ, ಸಾಯಲು ಪುರುಸೊತ್ತೆಲ್ಲಿದೆ?

ನೀನು ಕಳಿಸಿದ ಪುಷ್ಪಚಕ್ರ ನಿನ್ನೆ ಬೆಳಿಗ್ಗೆ ಬಂದು ತಲುಪಿತು. ಬಿಳಿ ಲಿಲಿ, ಬಿಳಿ ಗುಲಾಬಿ, ಸುತ್ತಲೂ ಹಸಿರು ಪೈನ್ ಎಲೆ. ಬಹಳ ಚೆನ್ನಾಗಿದೆ. ನಿಜವಾಗಿ ಸತ್ತಿದ್ದರೆ ನೋಡುವ ಭಾಗ್ಯ ಇರುತ್ತಿರಲಿಲ್ಲ, ಆ ಮಟ್ಟಿಗೆ ನಾನು ಅದೃಷ್ಟವಂತೆ. ಅದಕ್ಕೆ ಸುತ್ತಿದ್ದ ರಿಬ್ಬನ್ನಿನ ಮೇಲಿನ ಮಾತನ್ನೂ ಓದಿದೆ. ಅದರ ವಿಷಯ ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನೀನು ಮುಂದಕ್ಕೆ ಓದದೆ ಕಾಗದ ಮಡಚಿಟ್ಟುಬಿಡುತ್ತೀಯ.

ನಮ್ಮ ಕಸಿನ್ ಡೆಲ್ಫೀನ್ ನಿನಗೆ ಇಷ್ಟು ಹೊತ್ತಿಗೆ ಎರಡನೇ ಸಲ ಫೋನ್ ಮಾಡಿ, ಮೊದಲು ಹೇಳಿದ್ದು ಸುಳ್ಳು ಸುದ್ದಿ, ಲುವೀನಿಯಾ ಗುಂಡುಕಲ್ಲಿನ ಹಾಗಿದ್ದಾಳೆ ಎಂದು ತಿಳಿಸಿರುತ್ತಾಳೆ. ನೀನು ಅಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಾಚಿಕೆಯಿಂದ ತುಟಿ ಕಚ್ಚಿಕೊಂಡು ಕೂತಿದ್ದೀಯ. ನೀನಾಗಿ ಫೋನ್ ಮಾಡುವವಳಲ್ಲ. ನಾನು ಮಾಡಿದರೆ ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಮಧ್ಯದಲ್ಲಿ ಕಟ್ ಮಾಡುವುದಕ್ಕೆ ಆಗುವುದಿಲ್ಲ. ಹರಿದು ಹಾಕಬಹುದು, ಆದರೆ ನೀನು ಓದಿಯೇ ಹರಿಯುವವಳು, ನನಗೆ ಗೊತ್ತಿಲ್ಲವೆ?

ಬೇಸಿಗೆ ಮುಗಿಯುತ್ತಿದ್ದ ಹಾಗೆ ನಮ್ಮ ಕಟ್ಟಡದ ಯಜಮಾನ ಬಂದು, ಹೊಸ ವರ್ಷದಿಂದ ಅಂಗಡಿ ಇಟ್ಟುಕೊಳ್ಳುತ್ತೀರಾ ಬಿಡುತ್ತೀರಾ, ಒಂದು ಮಾತು ಹೇಳಿಬಿಡಿ ಎಂದ. ಒಳ್ಳೆಯವನೇ. ಕೇಳುವಾಗ ಅವನ ಕಣ್ಣು ಶೆಲ್ಫುಗಳ ಮೇಲಿತ್ತು. ಶೆಲ್ಫು ತುಂಬ ಟೋಪಿ, ಅಕ್ಕ. ಕಳೆದ ಈಸ್ಟರ್‌ಗೆ ಮಾಡಿದ್ದೂ ಅಲ್ಲೇ ಇದ್ದವು. ಈಗಿನ ಹೆಂಗಸರು ಚರ್ಚಿಗೆ ಬರಿದಲೆಯಲ್ಲಿ ಬರುತ್ತಾರೆ. ಅಮ್ಮ ಇದ್ದಿದ್ದರೆ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿದ್ದಳು. ಟೋಪಿ ಬೇಕಾದವರೂ ಫೋನಿನಲ್ಲಿ ಬೆರಳಾಡಿಸಿ ಎಲ್ಲಿಂದಲೋ ತರಿಸಿಕೊಳ್ಳುತ್ತಾರೆ. ಅದು ತಲೆಗೆ ಕೂರದಿದ್ದರೆ ನನ್ನ ಹತ್ತಿರ ತಂದು, ಮಿಸ್ ಲುವೀನಿಯಾ, ಸ್ವಲ್ಪ ಹಬೆ ಹಿಡಿದು ಸರಿ ಮಾಡಿಕೊಡಿ ಎನ್ನುತ್ತಾರೆ. ಯಾರೋ ಹೆತ್ತ ಕೂಸಿಗೆ ಸ್ನಾನ ಮಾಡಿಸುವ ದಾದಿ ಆಗಿದ್ದೆ ನಾನು.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲಿನ ಭಾನುವಾರ ಪಾಸ್ಟರ್ ಎಂದಿನಂತೆ, ಕ್ರಿಸ್ಮಸ್ ಉಡುಗೊರೆಗಳನ್ನು ನಮ್ಮವರ ಅಂಗಡಿಗಳಲ್ಲೇ ಕೊಳ್ಳಿರಿ ಎಂದರು. ಇಡೀ ಚರ್ಚು ಆಮೆನ್ ಎಂದು ಗುಡುಗಿತು. ಆ ಆಮೆನ್ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ. ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ಕ್ರಿಸ್ಮಸ್ ಹಿಂದಿನ ದಿನ ನನ್ನ ಶೆಲ್ಫಿನ ಮೇಲೆ ಟೋಪಿ ಉಳಿದಿದ್ರೆ ಅಮ್ಮನ ಅಂಗಡಿಗೆ ಬೀಗ ಹಾಕ್ತೀನಿ. ಆಮೇಲೆ ನಿಮ್ಮ ನಿಮ್ಮ ಅಮ್ಮಂದಿರನ್ನ ಮಣ್ಣು ಮಾಡೋಕೆ ಬರಿದಲೇಲಿ ಬನ್ನಿ" ಎಂದುಬಿಟ್ಟೆ.

ಹಾಡುವವರ ಸಾಲಿನಿಂದ ಯಾರೋ ಮೆಲ್ಲಗೆ, "ಅಯ್ಯೋ ದೇವ್ರೆ, ಈ ಯಮ್ಮ ಮಾಡೇ ಮಾಡ್ತಾಳೆ" ಎಂದಿದ್ದು ಕೇಳಿಸಿತು.

ಆಗ ಎದ್ದಳು ನೋಡು ಸಿಸ್ಟರ್ ಜಿಪ್ಪೋರಾ. ನಿನಗೆ ನೆನಪಿರಬೇಕು, ಶಾಲೆಯಲ್ಲಿ ನಿನ್ನ ಜಡೆ ಎಳೆಯುತ್ತಿದ್ದವಳು. ಈಗ ನಮ್ಮ ಚರ್ಚಿನ ಅಷರ್‌ಗಳಿಗೆಲ್ಲ ಅವಳೇ ಯಜಮಾನಿ. ಬಾಗಿಲಲ್ಲಿ ನಿಂತು ಬಂದವರನ್ನು ಬೆಂಚಿಗೆ ಕೂರಿಸುವ ಆ ಬಿಳಿ ಸಮವಸ್ತ್ರ, ಬಿಳಿ ಕೈಗವಸಿನ ಪಡೆ ಅವಳು ಒಂದು ಬೆರಳು ಎತ್ತಿದರೆ ನಡೆಯುತ್ತದೆ, ಇಳಿಸಿದರೆ ನಿಲ್ಲುತ್ತದೆ.

"ಪಾಸ್ಟರ್, ತಪ್ಪು ತಿಳ್ಕೋಬೇಡಿ" ಎಂದಳು ಜಿಪ್ಪೋರಾ. "ಈ ಜನ ಇಲ್ಲಿ ಆಮೆನ್ ಅಂದು, ಸೀದಾ ಹೋಗಿ ಮಾಲ್ ಮುಂದೆ ಕಾರು ನಿಲ್ಲಿಸ್ತಾರೆ. ನಾನು ಇವರನ್ನ ಇವತ್ತಿಂದ ನೋಡ್ತಿಲ್ಲ. ಮುಂದಿನ ಬೆಂಚು ಖಾಲಿ ಇದೆ ಬನ್ನಿ ಅಂದ್ರೆ ಹಿಂದೆ ಹೋಗಿ ಮುದುರ್ಕೊಂಡು ಕೂರೋ ಜನ ಇವ್ರು. ಇವ್ರಿಗೆ ಹೇಳಿದ್ರೆ ಆಗಲ್ಲ. ಕೈ ಹಿಡ್ಕೊಂಡು ಹೋಗಿ ಕೂರಿಸ್ಬೇಕು. ಕ್ರಿಸ್ಮಸ್ ಮುಂಚಿನ ಶನಿವಾರ ನಮ್ಮ ಅಷರ್‌ಗಳು ಬೀದೀಲಿ ನಿಲ್ತಾರೆ."

ಹಾಗೆಯೇ ನಿಂತರು. ಶನಿವಾರ ನಾನು ಬಾಗಿಲು ತೆರೆಯುವಾಗ ಬೀದಿಯ ಎರಡೂ ಬದಿಗೆ, ಒಂದೊಂದು ಅಂಗಡಿಯ ಮುಂದೂ ಬಿಳಿ ಸಮವಸ್ತ್ರ. ಎಡಗೈ ಬೆನ್ನ ಹಿಂದೆ, ಬಲಗೈ ಎದೆಯ ಮಟ್ಟದಲ್ಲಿ. ಸೋಪು ಮಾಡುವವಳ ಅಂಗಡಿ, ಗೊಂಬೆ ಅಂಗಡಿ, ಪುಸ್ತಕದಂಗಡಿ, ಸುಟ್ಟ ಮಾಂಸದ ಹೋಟೆಲು, ಕ್ಷೌರದಂಗಡಿ, ಕ್ರಂಪ್‌ನ ಹೂವಿನಂಗಡಿ, ಎಲ್ಲ ಕಡೆ. ಕಪ್ಪು ಜನರೇ ಕಟ್ಟಿ ಕಪ್ಪು ಜನರೇ ನಡೆಸುವ ಈ ಬೀದಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಇಷ್ಟು ಗಂಭೀರವಾಗಿ ನೋಡಿದ್ದು ಅದೇ ಮೊದಲು. ನನ್ನ ಬಾಗಿಲಿಗೆ ಮಾತ್ರ ಇಬ್ಬರು, ಈ ಕಡೆ ಒಬ್ಬಳು ಆ ಕಡೆ ಒಬ್ಬಳು.

ನಾನು ಶಪಥ ಮಾಡಿದವಳಲ್ಲವೆ, ಅದಕ್ಕೆ ಇಬ್ಬರು ಎಂದಳು ಜಿಪ್ಪೋರಾ. ಇಬ್ಬರು ಅಷರ್‌ಗಳು ಬಾಗಿಲಿನ ಎರಡೂ ಬದಿಗೆ ನಿಲ್ಲುವುದು ಯಾವಾಗ ಎಂದು ಆಗ ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬೆಳಿಗ್ಗೆಯಿಂದ ಮಂಜು ಕವಿದು ಸಣ್ಣ ತುಂತುರು. ಕಾರುಗಳೆಲ್ಲ ದೀಪ ಹಾಕಿಕೊಂಡು ಬರುತ್ತಿದ್ದವು. ಮೊದಲ ಗಿರಾಕಿ ಬ್ರದರ್ ಪೆಟ್ಟಿಫೋರ್ಡ್. ಅವನನ್ನು ನೀನು ಮರೆತಿರಲಾರೆ, ಅಮ್ಮನ ಮಣ್ಣನ್ನೂ ಅಪ್ಪನ ಮಣ್ಣನ್ನೂ ನಡೆಸಿಕೊಟ್ಟವನು. ಅವನ ಕೆಲಸವೇ ಅದು. ಯಾವುದಕ್ಕೂ ತಡವಾಗಿ ಬಂದ ಮನುಷ್ಯನಲ್ಲ. ಹೆಂಡತಿಗೆ ನೀಲಿ ಟೋಪಿ ಬೇಕೆಂದು ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದ. ಕಪ್ಪು ಸೂಟು. ಮನೆಯ ಕಾರು ಕೆಟ್ಟಿದೆಯೆಂದು ಹೆಣ ಸಾಗಿಸುವ ಆ ಉದ್ದನೆಯ ಕಪ್ಪು ಗಾಡಿಯನ್ನೇ ತಂದು ನನ್ನ ಬಾಗಿಲಿಗೆ ಸರಿಯಾಗಿ ನಿಲ್ಲಿಸಿದ್ದ.

ಈಗ ನೀನೇ ಯೋಚನೆ ಮಾಡು. ಶನಿವಾರ, ನಮ್ಮಲ್ಲಿ ಮಣ್ಣು ಮಾಡುವ ವಾರ. ಸಾವಿನ ಮನೆಗೆ ನಿಲ್ಲುವ ಹಾಗೆ ಬಾಗಿಲಿಗೆ ಇಬ್ಬರು ಬಿಳಿ ಕೈಗವಸಿನವರು. ಮುಂದೆ ಪೆಟ್ಟಿಫೋರ್ಡನ ಗಾಡಿ. ಹಿಂದೆ ಹೆಣದ ಮೆರವಣಿಗೆಯಂತೆ ದೀಪ ಉರಿಸಿಕೊಂಡ ಕಾರುಗಳ ಸಾಲು. ಒಳಗೆ ವಯಸ್ಸಾದ ಹೆಂಗಸು. ಇನ್ನೇನು ಬೇಕು?

ಎದುರಿನಿಂದ ಬರುತ್ತಿದ್ದ ಮೊದಲ ಕಾರು ಪಕ್ಕಕ್ಕೆ ಸರಿದು ನಿಂತಿತು. ಹೆಣ ಹೋಗುವಾಗ ಮರ್ಯಾದೆಗೆ ನಿಲ್ಲುತ್ತಾರಲ್ಲ, ಹಾಗೆ. ಅದನ್ನು ನೋಡಿ ಅದರ ಹಿಂದಿನದೂ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಬೀದಿಯ ಉದ್ದಕ್ಕೂ ಕಾರುಗಳು ನಿಂತು, ಗಂಡಸರು ಇಳಿದು ತಲೆಯ ಮೇಲಿನದನ್ನು ತೆಗೆದು ಎದೆಗೆ ಹಿಡಿದುಕೊಂಡು ನಿಂತಿದ್ದರು. ನಾನು ಒಳಗಿನಿಂದ ನೋಡಿ, ಆಹಾ, ಜಿಪ್ಪೋರಾ ಎಂಥ ಶಿಸ್ತು ತಂದಿದ್ದಾಳಪ್ಪ ಎಂದುಕೊಂಡೆ. ನನ್ನ ಬುದ್ಧಿಗೆ ಇಷ್ಟು.

ಯಾರೋ ಜಡೆ ಹಾಕುವ ಅಂಗಡಿಗೆ ಫೋನ್ ಮಾಡಿದರು. ಅಲ್ಲಿಗೆ ಸುದ್ದಿ ಹೋದ ಮೇಲೆ ಮುಗಿಯಿತು, ರೇಡಿಯೋ ಬೇಡ. ಅಲ್ಲಿಂದಲೇ ಡೆಲ್ಫೀನ್‌ಗೆ, ಅವಳಿಂದ ನಿನಗೆ.

ಮೊದಲು ಒಳಗೆ ಬಂದವಳು ಸಿಸ್ಟರ್ ಅರ್ಲೀನ್, ಕೈಯಲ್ಲಿ ದೊಡ್ಡದೊಂದು ಪೌಂಡ್ ಕೇಕು. ಅಷರ್ ಹುಡುಗಿ ಮಾತಾಡದೆ ಅಂಗೈ ಚಾಚಿ ದಾರಿ ತೋರಿಸಿದ್ದಾಳೆ, ಇವಳು ತಲೆ ತಗ್ಗಿಸಿಕೊಂಡು, ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡು ನೇರ ಕೌಂಟರಿನವರೆಗೆ ಬಂದಳು. ತಲೆ ಎತ್ತಿದರೆ ನಾನು.

ಅವಳು ಕಿರಿಚಿದ ರಭಸಕ್ಕೆ ಪೆಟ್ಟಿಫೋರ್ಡನ ಕೈಯಿಂದ ನೀಲಿ ಟೋಪಿ ಜಾರಿ ಬಿತ್ತು. ಇಷ್ಟು ವರ್ಷ ಹೆಣಗಳ ಮಧ್ಯೆ ಬದುಕಿದವನು, ಅವನೂ ಬೆದರಿದ.

"ನೀನು ಸತ್ತಿದೀಯ!" ಎಂದಳು ಅರ್ಲೀನ್.

"ಯಾರೇ ಹೇಳಿದ್ದು?"

"ಎಲ್ರೂ!"

"ನಾನು ಹೇಳಿದ್ನಾ?"

"ನೀನು ಹೇಗೆ ಹೇಳ್ತೀಯ, ಸತ್ತಿದೀಯಲ್ಲ!" ಎಂದು ಕೇಕನ್ನು ಕೌಂಟರಿನ ಮೇಲೆ ಇಟ್ಟು, ಕುರ್ಚಿಯಲ್ಲಿ ಕುಸಿದು, ಆಮೇಲೆ ಸಿಟ್ಟಿನಿಂದ ಹೇಳುತ್ತಾಳೆ: "ಕ್ರಿಸ್ಮಸ್‌ಗೆ ಅಂತ ಒಂದು ಡಜನ್ ಮೊಟ್ಟೆ ಒಡೆದು ಮಾಡಿಟ್ಟ ಕೇಕು ಇದು. ನಾಚ್ಕೆ ಆಗಲ್ವಾ ನಿಂಗೆ?"

ಅವಳ ಹಿಂದೆ ಹುರಿದ ಕೋಳಿ ಬಂತು, ಚೀಸ್ ಹಾಕಿದ ಮ್ಯಾಕರೋನಿ ಬಂತು, ಸಿಹಿಗೆಣಸಿನ ಪೈ ಬಂತು, ಇಡೀ ಹ್ಯಾಮೇ ಬಂತು. ಸಾವಿನ ಮನೆಗೆ ಏನೇನು ತರಬೇಕೋ ಅದೆಲ್ಲ. ಒಬ್ಬೊಬ್ಬರೂ ತಲೆ ತಗ್ಗಿಸಿ ಒಳಗೆ ಬರುವುದು, ನನ್ನನ್ನು ನೋಡಿ ಹೌಹಾರುವುದು, ಬೈಯುವುದು, ಅಪ್ಪಿಕೊಳ್ಳುವುದು. ಹಿಂತಿರುಗಿ ಹೋಗೋಣವೆಂದರೆ ಬಾಗಿಲಲ್ಲಿ ಜಿಪ್ಪೋರಾ ಅಂಗೈ ಎತ್ತಿ ನಿಂತಿದ್ದಾಳೆ. ಅಷರ್‌ನ ಅಂಗೈ ಮೇಲಿದ್ದಾಗ ಎದ್ದು ಹೋದ ಕ್ರೈಸ್ತರು ನಮ್ಮ ಚರ್ಚಿನಲ್ಲಿ ಇನ್ನೂ ಹುಟ್ಟಿಲ್ಲ.

"ಬಂದಿದ್ದೀರಲ್ಲ" ಎಂದಳು. "ಆಕೆ ಸತ್ರೆ ಬರ್ತೀರಿ, ಬದುಕಿದ್ರೆ ಬರಲ್ಲ. ಈಗ ಬದುಕಿದ್ದಾಳೆ ಅಂತ ಬೇಜಾರು ಮಾಡ್ಕೋಬೇಡಿ, ಟೋಪಿ ನೋಡಿ."

ಅಕ್ಕ, ನಿಜ ಹೇಳುತ್ತೇನೆ. ಬದುಕಿದ್ದಾಗಲೇ ತನ್ನ ಸಾವಿನ ಮಾತು ಕೇಳುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದವರು, ಅದನ್ನು ಎಲ್ಲಾದರೂ ಇಳಿಸಲೇಬೇಕಲ್ಲ, ನನ್ನ ಮುಂದೆಯೇ ಇಳಿಸಿದರು. ನಮ್ಮ ಚರ್ಚಿನ ಹಿರಿಯಮ್ಮ ಮದರ್ ವೈನಿ ಕೋಲೂರಿಕೊಂಡು ಬಂದು, ತಾನು ಮೊದಲ ಸಲ ಓಟು ಹಾಕಲು ಹೋದಾಗ ತಲೆಯ ಮೇಲಿದ್ದದ್ದು ನಮ್ಮ ಅಂಗಡಿಯ ಟೋಪಿ, ಆ ಟೋಪಿ ಬೀಳಬಾರದೆಂದೇ ಕತ್ತು ನೆಟ್ಟಗೆ ಇಟ್ಟುಕೊಂಡು ನಡೆದೆ ಎಂದಳು. ಒಬ್ಬ ಬಸ್ ಡ್ರೈವರ್ ಬಂದಿದ್ದ. ಅವನ ಹೆಂಡತಿ ತೀರಿಕೊಂಡು ಬಹಳ ದಿನವಾಯಿತು. ಆಕೆಯ ಹಳದಿ ಟೋಪಿಯನ್ನು ಡಬ್ಬಿ ಸಮೇತ ತಂದಿದ್ದ, ನನ್ನ ಶವಪೆಟ್ಟಿಗೆಯ ಪಕ್ಕ ಇಡೋಣವೆಂದು. "ಅವಳು ಅಲ್ಲಿ ಬಂದು ನಿಮ್ಮನ್ನ ಎದುರುಗೊಳ್ಳಲಿ ಅಂತ" ಎಂದ. ನಾನು ಆ ಟೋಪಿಗೆ ಹಬೆ ಹಿಡಿದು, ಬ್ರಷ್ ಮಾಡಿ, ಅವನ ಕೈಗೇ ಕೊಟ್ಟೆ. ಮಗಳಿಗೆ ಕ್ರಿಸ್ಮಸ್ ಉಡುಗೊರೆಯಾಗಿ ಅದೊಂದೇ ಸಾಲದು, ಹೊಸದೂ ಬೇಕು ಎಂದು ಒಂದನ್ನು ಆರಿಸಿಕೊಂಡು ಹೋದ. ನನಗೆ ಕಣ್ಣಲ್ಲಿ ನೀರು ಬಂದದ್ದು ಹಬೆಗೆ.

ಬರಿದಲೆಯ ಹುಡುಗಿಯರೂ ಬಂದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬಳು, ತಲೆ ತುಂಬ ಸಣ್ಣ ಜಡೆಗಳು, ಒಂದು ಟೋಪಿ ಎತ್ತಿಕೊಂಡು ಅಳುಮುಖ ಮಾಡಿದಳು. "ಆಂಟಿ, ಯಾವ ಅಂಗಡಿ ಟೋಪೀನೂ ನನ್ನ ಜಡೆ ಮೇಲೆ ಕೂರಲ್ಲ. ಅದಕ್ಕೇ ಬಿಟ್ಬಿಟ್ಟೆ" ಎಂದಳು. ಅಯ್ಯೋ ಮಗಳೇ, ಇಷ್ಟೇನಾ! ಕೆಟಲ್ ಇಟ್ಟು, ಹಬೆ ಹಿಡಿದು, ಮರದ ತಲೆಯಚ್ಚಿನ ಮೇಲೆ ದೊಡ್ಡದು ಮಾಡಿ, ಒಳಗಿನ ಪಟ್ಟಿ ಬಿಚ್ಚಿ ಸಡಿಲ ಮಾಡಿ, ಜಡೆಗಳ ಮೇಲೆ ಇಟ್ಟೆ. ಬೆಣ್ಣೆಯ ಹಾಗೆ ಕೂತಿತು. ಅವರ ಕಾರ್ಖಾನೆಗಳಲ್ಲಿ ಅಳತೆ ತೆಗೆದ ತಲೆ ಯಾರದ್ದೋ. ನಮ್ಮ ಕೂದಲಿಗೆ ಅಂತಲೇ, ನಮ್ಮ ತಲೆಗೆ ಅಂತಲೇ ಟೋಪಿ ಮಾಡುವುದು ಈ ಅಂಗಡಿ. ಆ ಹುಡುಗಿ ಫೋನ್ ತೆಗೆದು ಸ್ನೇಹಿತೆಯರಿಗೆಲ್ಲ ತನ್ನ ಫೋಟೋ ಕಳಿಸಿದಳು. ಈಸ್ಟರ್ ಆರ್ಡರುಗಳೆಲ್ಲ ಆ ಜಡೆಗಳ ಕಡೆಯಿಂದಲೇ ಬಂದವು.

ಊಟವೆಲ್ಲ ಹಾಳಾಗಬಾರದೆಂದು ಕ್ಷೌರದಂಗಡಿಯ ಮೇಜಿನ ಮೇಲೆ ಹರಡಿದರು. ಸಾವಿನ ಊಟ ಹಬ್ಬದ ಊಟವಾಯಿತು. ಉಂಡವರು ಸುಮ್ಮನೆ ಹೋಗುವುದುಂಟೇ? ಅಷರ್‌ಗಳು ಅಂಗೈ ಚಾಚಿ ಚಾಚಿ ಒಬ್ಬೊಬ್ಬರನ್ನೂ ಸೋಪಿನ ಅಂಗಡಿಗೆ, ಗೊಂಬೆಯಂಗಡಿಗೆ, ಪುಸ್ತಕದಂಗಡಿಗೆ ಕಳಿಸಿದರು, ಚರ್ಚಿನಲ್ಲಿ ಮುಂದಿನ ಬೆಂಚಿನಿಂದ ಹಿಂದಿನವರೆಗೆ ಕೂರಿಸುವ ಹಾಗೆ. ನಮ್ಮ ಬಣ್ಣದ ಗೊಂಬೆ ಒಂದೂ ಉಳಿಯಲಿಲ್ಲವಂತೆ. ಸಾಯಂಕಾಲ ಜಿಪ್ಪೋರಾ ಬೀದಿಯ ನಡುವೆ ನಿಂತು ಕೈಗವಸು ಬಿಚ್ಚಿದಾಗ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಬೀದಿಗೆ ಬೀದಿಯೇ ತಟ್ಟಿತು. ನನ್ನ ಎದೆ ಹಿಗ್ಗಿ ಹೋಯಿತು, ಅಕ್ಕ. ಅಷ್ಟು ಹೆಮ್ಮೆ ನನಗೆ ಹುಟ್ಟಿದಾಗಿನಿಂದ ಆಗಿಲ್ಲ.

ಇನ್ನೊಂದು ಮಾತಿದೆ. ಬರೆಯುವುದೋ ಬೇಡವೋ ಎಂದು ಎದ್ದು ಹೋಗಿ ಕಾಫಿ ಕುಡಿದು ಬಂದೆ. ಜನ ನಾನು ಸತ್ತೆನೆಂದು ನಂಬಿದ್ದು ಅಷರ್‌ಗಳಿಂದ, ಗಾಡಿಯಿಂದ ಎಂದು ಮೇಲೆ ಬರೆದೆ. ಅಷ್ಟರಿಂದಲೇ ಅಲ್ಲ. ಜಡೆ ಹಾಕುವ ಅಂಗಡಿಗೆ ಫೋನ್ ಮಾಡಿದವಳು, ನಾನು ಹಿಂದುಗಡೆ ನೀಲಿ ಟೋಪಿ ಹುಡುಕುತ್ತಿದ್ದಾಗ, ಕಿಟಕಿಯಲ್ಲಿ ಇಣುಕಿ ನೋಡಿಯೇ ಮಾಡಿದ್ದು. ಒಳಗೆ ಅಮ್ಮನ ಕನ್ನಡಿಗೆ ಮುಸುಕು ಹಾಕಿತ್ತು.

ಸತ್ತವರ ಮನೆಯಲ್ಲಲ್ಲದೆ ಕನ್ನಡಿಗೆ ಮುಸುಕು ಹಾಕುವುದು ನಮ್ಮಲ್ಲಿ ಯಾರು?

ಹಾಕಿದವಳು ನಾನೇ. ಶುಕ್ರವಾರ. ಶಪಥದ ಮಾತೆಲ್ಲ ಚರ್ಚಿನಲ್ಲಿ, ಒಳಗೊಳಗೆ ನಾನು ಕೈಚೆಲ್ಲಿದ್ದೆ. ಯಾರೂ ಬರುವುದಿಲ್ಲ, ಹೇಗೂ ಖಾಲಿ ಮಾಡಬೇಕು, ಒಡೆಯಬಾರದ್ದನ್ನು ಮೊದಲು ಕಟ್ಟಿಡೋಣ ಎಂದು ಕಂಬಳಿ ಸುತ್ತಿ ಹಗ್ಗ ಬಿಗಿದಿದ್ದೆ. ಜಿಪ್ಪೋರಾಗೂ ಹೇಳಿರಲಿಲ್ಲ. ಶನಿವಾರ ಮೊದಲ ಟೋಪಿ ತಲೆಯ ಮೇಲಿಟ್ಟ ಅರ್ಲೀನ್, "ಕನ್ನಡಿ ಎಲ್ಲೇ? ಈ ಅಂಗಡೀಲಿ ಕನ್ನಡಿ ಇಲ್ದೆ ನಾನು ಟೋಪಿ ಕೊಳ್ಳಲ್ಲ" ಎಂದು ಕೂಗಿದಾಗ ನಾನೇ ಕತ್ತರಿ ತೆಗೆದುಕೊಂಡು ಹಗ್ಗ ಕತ್ತರಿಸಿದೆ. ಅದನ್ನು ಯಾಕೆ ಕಟ್ಟಿಟ್ಟಿದ್ದೆನೆಂದು ಅವಳಿಗೆ ಹೊಳೆಯಿತು, ಕಂಬಳಿಯನ್ನು ಮಡಚಿ ಕೌಂಟರಿನ ಕೆಳಗೆ ಬಚ್ಚಿಟ್ಟು ಯಾರಿಗೂ ಹೇಳಲಿಲ್ಲ. ಬಾಯಿಬಡುಕಿ ಎಂದು ನಾವು ಅವಳನ್ನು ಆಡಿಕೊಂಡದ್ದೆಲ್ಲ ಸಾಕು.

ಆ ಕನ್ನಡಿಯ ಕಥೆ ನಿನಗೆ ನಾನು ಹೇಳಬೇಕಿಲ್ಲ. ಪೇಟೆಯ ಆ ದೊಡ್ಡ ಅಂಗಡಿಯಲ್ಲಿ ಅಮ್ಮ ಟೋಪಿಯನ್ನು ತಲೆಯ ಹತ್ತಿರ ತಂದದ್ದಕ್ಕೆ, ನಿಮ್ಮವರು ಇಲ್ಲಿ ಇಟ್ಟು ನೋಡುವ ಹಾಗಿಲ್ಲ, ಕೊಳ್ಳುವುದಾದರೆ ಕೊಂಡುಕೊಂಡು ಹೋಗಿ ಎಂದರು. ನಾವಿಬ್ಬರೂ ಅವಳ ಎರಡು ಕೈ ಹಿಡಿದು ನಿಂತಿದ್ದೆವು. ಅಮ್ಮ ಅಂಗಡಿ ತೆರೆದಾಗ ಎಲ್ಲಕ್ಕಿಂತ ಮೊದಲು ತಂದದ್ದು ಆ ಕನ್ನಡಿ, ತಲೆಯಿಂದ ಕಾಲಿನವರೆಗೆ ಕಾಣುವಂಥದು. ಕೊಳ್ಳಿ ಬಿಡಿ, ಎಷ್ಟು ಹೊತ್ತು ಬೇಕಾದರೂ ನೋಡಿಕೊಳ್ಳಿ ಎನ್ನುತ್ತಿದ್ದಳು.

ಆಮೇಲೆ ಕಾಲ ಬದಲಾಗಿ ಅದೇ ದೊಡ್ಡ ಅಂಗಡಿ ನಮ್ಮವರನ್ನು ಕೆಲಸಕ್ಕೆ ತೆಗೆದುಕೊಂಡಾಗ ನೀನು ಅಮ್ಮನ ಅಂಗಡಿ ಬಿಟ್ಟು ಅಲ್ಲಿಗೆ ಹೋದೆ. ಅದೇ ಕೌಂಟರಿನ ಹಿಂದೆ ನಿಂತು, ಅದೇ ಟೋಪಿಗಳನ್ನು ನನ್ನ ಕೈಯಾರೆ ನಮ್ಮವರ ತಲೆಗೆ ಇಡುತ್ತೇನೆ ಎಂದೆ. ಇಟ್ಟೆ. ನಿನ್ನ ಹಿಂದೆ ನಮ್ಮ ಗಿರಾಕಿಗಳೂ ಹೋದರು. ಹೊರಡುವ ದಿನ ನೀನು ಹೇಳಿದ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. "ನೋಡು ಲುವೀ, ನಮ್ಮೋರು ನಮ್ಮ ಹತ್ರ ಕೊಳ್ಳಲ್ಲ. ಮೊದಲು ಅವರ ಕನ್ನಡೀಲಿ ಮುಖ ನೋಡ್ಕೋಬೇಕು ಅಂತಿರ್ತಾರೆ." ಎಂಥ ಸಿಟ್ಟು ಬಂದಿತ್ತು ನನಗೆ! ಅಮ್ಮನ ಮಣ್ಣಿಗೆ ನೀನು ಆ ಅಂಗಡಿಯ ಟೋಪಿಯಲ್ಲಿ ಬಂದೆ, ನಾನು ನಮ್ಮ ಅಂಗಡಿಯ ಟೋಪಿಯಲ್ಲಿ. ಎರಡು ಟೋಪಿಗಳು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಮಾತಾಡದೆ ಎದ್ದು ಬಂದವು.

ಈಗ ಹೇಳುತ್ತೇನೆ ಕೇಳು. ನೀನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅವರು ಅವರ ಕನ್ನಡಿಯಲ್ಲಿ ನೋಡಿಕೊಂಡರು. ನೋಡಿಕೊಳ್ಳುವ ಹಕ್ಕಿತ್ತು, ಅದನ್ನು ಕಿತ್ತುಕೊಂಡಿದ್ದರು, ಸಿಕ್ಕಾಗ ಹೋಗಿ ನೋಡಿಕೊಂಡರು. ಆದರೆ ಶನಿವಾರ ಎಲ್ಲರೂ ಅಮ್ಮನ ಕನ್ನಡಿಯ ಮುಂದೆ ಸಾಲು ನಿಂತಿದ್ದರು, ಅಕ್ಕ. ಹಿಂದಿನವರಿಗೆ ಕಾಣಿಸಲಿಲ್ಲವೆಂದು ಜಗಳವಾಡಿದರು. ಅದನ್ನು ನೀನು ನೋಡಬೇಕಿತ್ತು.

ಶೆಲ್ಫು ಖಾಲಿ. ನಿನ್ನೆ ಜಿಪ್ಪೋರಾ ತಾನೇ ಬಂದು ಬಿಳಿ ಕೈಗವಸಿನಿಂದ ಹಲಗೆ ಸವರಿ ನೋಡಿದಳು. ಕಿಟಕಿಯ ಹತ್ತಿರ ಬಂದು ನಿಂತಳು. ಅಲ್ಲಿ ಮರದ ತಲೆಯಚ್ಚಿನ ಮೇಲೆ ಒಂದು ಟೋಪಿ ಇದೆ. ದ್ರಾಕ್ಷಿ ಬಣ್ಣದ ಫೆಲ್ಟು, ಅಗಲ ಅಂಚು, ಒಂದು ಕಡೆ ಮೇಲಕ್ಕೆ ಮಡಚಿದ್ದು, ರಿಬ್ಬನ್ ಇನ್ನೂ ಹೊಲಿದಿಲ್ಲ. ನೀನು ಹೊರಟ ದಿನ ಅರ್ಧಕ್ಕೆ ಬಿಟ್ಟು ಹೋದದ್ದು. ನಾನು ಅದನ್ನು ಮುಗಿಸಲಿಲ್ಲ, ತೆಗೆಯಲೂ ಇಲ್ಲ. ಧೂಳು ಮಾತ್ರ ಒರೆಸುತ್ತಿದ್ದೆ.

"ಇದು ಉಳ್ದಿದೆಯಲ್ಲ. ಶಪಥ ಅಂದ್ರೆ ಶಪಥ" ಎಂದೆ ನಾನು. ನನ್ನ ಹಟ ನಿನಗೆ ಗೊತ್ತು.

ಜಿಪ್ಪೋರಾ ಅದರ ಮಡಚಿದ ಅಂಚನ್ನು ಬೆರಳಿನಿಂದ ಸವರಿದಳು. "ಇದು ಮಾರಾಟಕ್ಕಿರೋದಲ್ಲ ಕಣೆ" ಎಂದಳು. "ಇದು ಆಗ್ಲೇ ಒಬ್ಬಳದು. ತಗೊಂಡು ಹೋಗೋಕೆ ಬಂದಿಲ್ಲ, ಅಷ್ಟೆ." ಕಟ್ಟಡದ ಯಜಮಾನನಿಗೆ ನನ್ನ ಕೈಯಿಂದಲೇ ಫೋನ್ ಮಾಡಿಸಿದಳು. ಅಂಗಡಿ ಇಟ್ಟುಕೊಳ್ಳುತ್ತೇನೆ ಎಂದೆ.

ಆ ಕ್ಷಣಕ್ಕೆ ಸರಿಯಾಗಿ ನಿನ್ನ ಪುಷ್ಪಚಕ್ರ ಹೊತ್ತುಕೊಂಡು ಕ್ರಂಪ್ ಒಳಗೆ ಬಂದ. ಹೂವಿನಂಗಡಿಯ ಕ್ರಂಪ್. ಎರಡು ಬಾಗಿಲು ಆಚೆ ಇರುವವನು! ಶನಿವಾರವೇ ನೀನು ಫೋನ್ ಮಾಡಿದ್ದೆಯಂತೆ. ನಾನು ಬದುಕಿರುವುದು ಅವನಿಗೆ ಕಣ್ಣಾರೆ ಗೊತ್ತು, ಅವತ್ತು ಕ್ಷೌರದಂಗಡಿಯಲ್ಲಿ ನನ್ನ ಪಕ್ಕದಲ್ಲೇ ನಿಂತು ಹ್ಯಾಮ್ ತಿಂದಿದ್ದಾನೆ.

"ಮತ್ತೆ ಅವಳಿಗೆ ಹೇಳ್ಬಾರ್ದಿತ್ತಾ, ಮಾರಾಯ?" ಎಂದೆ.

"ಇಂಥಾ ಶನಿವಾರ ಬಂದ ಆರ್ಡರನ್ನ ವಾಪಸ್ ಕಳಿಸಿದ್ರೆ ಸಿಸ್ಟರ್ ಜಿಪ್ಪೋರಾ ನನ್ನ ಸುಮ್ನೆ ಬಿಡ್ತಿದ್ಲಾ?" ಎಂದ. "ಆರ್ಡರ್ ಅಂದ್ರೆ ಆರ್ಡರ್, ಮಿಸ್ ಲುವೀನಿಯಾ. ಹೂವು ತಾಜಾ ಇದೆ ನೋಡಿ."

ರಿಬ್ಬನ್ ಮೇಲೆ ಬಂಗಾರದ ಅಕ್ಷರದಲ್ಲಿ ಬರೆಸಿದ್ದೀಯ: "ನಮ್ಮಿಬ್ಬರಲ್ಲಿ ಒಳ್ಳೆಯ ಕೈ ಅವಳದು." ಅಕ್ಕ, ಒಂದು ಜೀವಮಾನ ನಾನು ಈ ಮಾತಿಗೆ ಕಾದಿದ್ದೆ. ಸತ್ತ ಮೇಲಾದರೂ ಹೇಳಿದೆಯಲ್ಲ. ಓದಿ ನಾನು ಅಳಲಿಲ್ಲ. ಒಲೆಯ ಮೇಲೆ ಕೆಟಲ್ ಇರಲಿಲ್ಲ, ಆದ್ದರಿಂದ ಹಬೆಯ ಮೇಲೆ ಹೇರುವುದಕ್ಕೂ ಆಗುವುದಿಲ್ಲ. ಸರಿ, ಅತ್ತುಬಿಟ್ಟೆ. ಸಾಕೇ?

ಪುಷ್ಪಚಕ್ರವನ್ನು ಅಂಗಡಿಯ ಬಾಗಿಲಿಗೆ ತೂಗುಹಾಕಿದ್ದೇನೆ. ಎರಡು ಕೆಂಪು ಗಂಟು ಕಟ್ಟಿದ ಮೇಲೆ ಕ್ರಿಸ್ಮಸ್ ಹಾರವಲ್ಲ ಎಂದು ಯಾರೂ ಹೇಳಲಾರರು. ರಿಬ್ಬನ್ ಮಾತ್ರ ಬಿಚ್ಚಿಕೊಂಡೆ. ಅದು ದ್ರಾಕ್ಷಿ ಬಣ್ಣದ ಟೋಪಿಗೆ ಸರಿಯಾದ ಅಳತೆ. ಅಕ್ಷರಗಳನ್ನು ಒಳಗಡೆ ಮಾಡಿ ಹೊಲಿಯುತ್ತೇನೆ, ನಮ್ಮಿಬ್ಬರಿಗೆ ಗೊತ್ತಿದ್ದರೆ ಸಾಕು. ಅಂಚು ಮಡಚಿದ ಆ ಸೊಗಸು ಇವತ್ತಿಗೂ ನನ್ನ ಕೈಗೆ ಬಂದಿಲ್ಲ, ಇದನ್ನೂ ಈಗಲೇ ಹೇಳಿಬಿಡುತ್ತೇನೆ. ನಾನು ನಿನ್ನ ಹಾಗೆ ಸಾಯುವವರೆಗೆ ಕಾಯುವವಳಲ್ಲ.

ಟೋಪಿಯನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಈಸ್ಟರ್‌ಗೆ ನೀನೇ ಬಂದು ಅಮ್ಮನ ಕನ್ನಡಿಯ ಮುಂದೆ ನಿಂತು ತಲೆಗೆ ಇಟ್ಟುಕೊಳ್ಳಬೇಕು. ಎಷ್ಟು ಹೊತ್ತು ಬೇಕಾದರೂ ನೋಡಿಕೊ, ಯಾರೂ ಏನೂ ಅನ್ನುವುದಿಲ್ಲ.

ಇನ್ನೂ ಬದುಕಿರುವ,
ನಿನ್ನ ತಂಗಿ
ಲುವೀನಿಯಾ

ಮತ್ತೆ: ಕಾಗದ ಅಂಟಿಸಿ, ಅಂಚೆಪೆಟ್ಟಿಗೆಗೆ ಹೊರಟವಳನ್ನು ಕ್ರಂಪ್ ತಡೆದು ನಿಲ್ಲಿಸಿದ. ಅದಕ್ಕೆ ಲಕೋಟೆ ಮತ್ತೆ ಬಿಡಿಸಿದ್ದೇನೆ, ಅಂಟು ಹೀಗೆ ಗಲೀಜಾದದ್ದು ಅದರಿಂದ. ಆರ್ಡರ್ ಕೊಡುವ ಮೊದಲು ನೀನು ಅವನನ್ನು ಒಂದು ಸಲ ಅಲ್ಲ, ಎರಡು ಸಲ ಕೇಳಿದೆಯಂತೆ: ಅಂಗಡಿ ಇನ್ನೂ ನಿಮ್ಮದೇನಾ, ನಮ್ಮೋರದೇನಾ? ಅವನು ಹೌದಮ್ಮ, ನನ್ನ ತಾತನ ಕಾಲದ್ದು ಎಂದಾಗ ನೀನು ಹೇಳಿದೆಯಂತೆ, "ಹಾಗಾದ್ರೆ ಸರಿ. ಬೇರೆಯವರ ಹತ್ರ ಕೊಂಡ ಹೂವು ಮೇಲೆ ಹಾಕಿದ್ರೆ ಅವಳು ಪೆಟ್ಟಿಗೆಯಿಂದ ಎದ್ದು ಕೂತು ಜಗಳ ಮಾಡ್ತಾಳೆ." ಆಲ್ತೀಯಾ, ಆ ಶನಿವಾರ ನಮ್ಮ ಬೀದಿಯಲ್ಲಿ ಕೊಂಡವರಲ್ಲಿ ನೀನೂ ಒಬ್ಬಳು.